ಅವ್ವನ ಹೆಪ್ಪು, ನನ್ನ ಹೊಟ್ಟೆ

ನನ್ನ ಕಾಲಿನ ಕುರು ವಾಸಿಯಾಯಿತು, ಹೊಟ್ಟೆ ಕೆಟ್ಟಿತು. ಚನ್ನಗಿರಿಯ ಡಾಕ್ಟರು ಕೊಟ್ಟ ಕ್ಯಾಪ್ಸೂಲು ಕುರುವನ್ನು ಒಣಗಿಸಿದ್ದೇನೋ ನಿಜ, ಆದರೆ ಆಮೇಲೆ ಓಡುವುದೇ ನನ್ನ ಕೆಲಸವಾಯಿತು. ಅನ್ನ ಉಂಡರೂ ಓಡು, ನೀರು ಕುಡಿದರೂ ಓಡು. ಮತ್ತೆ ಡಾಕ್ಟರ ಹತ್ತಿರ ಹೊರಟಾಗ ಅವ್ವನೂ ಜೊತೆಗೆ ಬಂದಳು. ಐವತ್ತು ದಾಟಿದ ಮಗನನ್ನು ಒಬ್ಬನೇ ಕಳಿಸಲು ಅವಳಿಗೆ ಧೈರ್ಯವಿಲ್ಲ.

"ಹೊಟ್ಟೆಯಾಗೆ ಲೆಕ್ಕ ಇಲ್ಲದಷ್ಟು ಸೂಕ್ಷ್ಮಜೀವಿ ಇರ್ತಾವೆ ರೀ," ಎಂದರು ಡಾಕ್ಟರು. "ಒಳ್ಳೇವು, ಕೆಟ್ಟವು ಹೊಂದ್ಕೊಂಡು ಸಂಸಾರ ಮಾಡ್ತಿರ್ತಾವೆ. ಕ್ಯಾಪ್ಸೂಲಿಗೆ ಯಾವುದು ಒಳ್ಳೇದು, ಯಾವುದು ಕೆಟ್ಟದ್ದು ಗೊತ್ತಾಗಲ್ಲ. ಒಳ್ಳೇವೂ ಸತ್ತಾವೆ, ಉಳಿದ ಕೆಟ್ಟವು ಜಾಗ ಹಿಡಿದಾವೆ. ಇನ್ನು ಕ್ಯಾಪ್ಸೂಲು ಸಾಕು. ಮನೆ ಮೊಸರು ಉಣ್ರಿ, ಅದರಾಗೂ ಜೀವ ಇರ್ತಾವೆ."

ಮನೆ ಮೊಸರು ಎಂದದ್ದೇ ತಡ, ಅವ್ವ ಸೆರಗು ಸರಿಮಾಡಿಕೊಂಡಳು. ನಮ್ಮ ಮನೆಯ ಹೆಪ್ಪು ಅವಳು ಮದುವೆಯಾಗಿ ಬರುವಾಗ ಜಗಳೂರಿನ ತವರಿಂದ ತಂದದ್ದು. ತವರಿನಲ್ಲಿ ಈಗ ಯಾರೂ ಇಲ್ಲ, ಮನೆಯೂ ಮಾರಿಹೋಗಿದೆ. ದಿನಾ ಒಂದಿಷ್ಟು ಮೊಸರು ಎತ್ತಿಟ್ಟು, ಮಾರನೇ ದಿನದ ಹಾಲಿಗೆ ಹಾಕಿ, ಆ ಹೆಪ್ಪನ್ನು ಇಲ್ಲಿಯವರೆಗೆ ಸಾಕಿದ್ದಾಳೆ. ಹೊಸ್ತಿಲಾಚೆ ಯಾರಿಗೂ ಕೊಟ್ಟವಳಲ್ಲ. ಹೆಪ್ಪು ಹೊರಗೆ ಹೋದರೆ ಮನೆಯ ಹೈನು ಹೋಗುತ್ತದೆ ಎಂಬುದು ಅವಳ ಶಾಸ್ತ್ರ. ಪಕ್ಕದ ಮನೆಯವರು ಕೇಳಿ ಕೇಳಿ ಸಾಕಾಗಿ ಪಾಕೀಟಿನ ಮೊಸರಿಗೆ ಇಳಿದಿದ್ದರು.

ಅಂದು ಸಂಜೆ ಅವ್ವ ಹಾಲಿಗೆ ಹೆಪ್ಪು ಹಾಕಿದಳು. ಬೆಳಿಗ್ಗೆ ನೋಡಿದರೆ ಹಾಲು ಹಾಲಾಗಿಯೇ ಇದೆ, ಔಷಧಿ ವಾಸನೆ ಬೇರೆ.

"ಏನು ಹಾಕ್ದೆ ಅವ್ವ?"

"ಏನಿಲ್ಲಪ್ಪ. ಆ ಕ್ಯಾಪ್ಸೂಲು ಉಳಿದಿದ್ವಲ್ಲ, ಬಿಚ್ಚಿ ಪುಡಿ ಹಾಕ್ದೆ. ನೀನು ನುಂಗಾಕೆ ಒಲ್ಲೆ ಅಂತೀಯ, ಕುರು ಮತ್ತೆ ಎದ್ರೆ ಏನು ಗತಿ? ಮೊಸರಿನ ಜೊತಿಗೆ ಗೊತ್ತಿಲ್ದಂಗೆ ಹೋಗ್ಲಿ ಅಂತ."

ನನಗೆ ಮೈಯೆಲ್ಲ ಉರಿಯಿತು. "ಕೊಲ್ಲೋ ಔಷಧಿ ಹಾಕಿ ಜೀವ ಬೆಳೆಸ್ತಾಳಂತೆ! ತಲೆ ಐತಾ ನಿಂಗೆ?" ಎಂದು ಕೂಗಿಬಿಟ್ಟೆ. ಆಮೇಲೆ ಗೊತ್ತಾಯಿತು, ಹಿಂದಿನ ದಿನದ ಮೊಸರನ್ನೆಲ್ಲ ಅವಳು ನನಗೇ ಬಡಿಸಿದ್ದಳು. ಉಳಿದ ಒಂದು ಚಮಚ ಹೆಪ್ಪು ಈ ಹಾಲಿನಲ್ಲೇ ಸತ್ತಿತ್ತು. ಅವ್ವ ಪಾತ್ರೆಯ ಮುಂದೆ ಕುಸಿದು ಕುಳಿತಳು.

"ನನ್ನ ತವರು ಮುಗೀತಪ್ಪ," ಎಂದು ಅತ್ತಳು.

ನನಗೆ ಕರುಳು ಹಿಂಡಿದಂತಾಯಿತು. ಆ ಹಾಳು ಕರುಳು ಅದೇ ಹೊತ್ತಿಗೆ ಇನ್ನೊಂದು ಕಾರಣಕ್ಕೂ ಹಿಂಡುತ್ತಿತ್ತು. ಓಡಿದೆ.

ವಾಪಸು ಬರುವಷ್ಟರಲ್ಲಿ ಅವ್ವ ಕಣ್ಣೊರೆಸಿಕೊಂಡು ಬೇರೆ ಹಾಲು ಕಾಯಿಸಿದ್ದಳು.

"ಹುಟ್ಟಿದಾಗಿಂದ ಅದೇ ಮೊಸರು ಉಂಡೀಯ. ನಿನ್ನೊಳಗೆ ಆ ಜೀವ ಒಂದೆರಡಾದ್ರೂ ಉಳ್ಕಂಡಿರ್ತಾವೆ. ಕೈ ತೊಳ್ಕಂಡು ಇದ್ರಾಗೆ ಬೆರಳು ಅದ್ದು."

"ಬೆರಳಿಗೂ ಹೊಟ್ಟೆಗೂ ಏನವ್ವ ಸಂಬಂಧ?"

"ಉಂಡಿದ್ದು ಯಾವ ಕೈಯಾಗೆ?"

ಕೈ ತೊಳೆದುಕೊಂಡು ಬಂದೆ. ಉಗುರುಬೆಚ್ಚಗಿನ ಹಾಲಿನಲ್ಲಿ ಬೆರಳದ್ದಿಕೊಂಡು ನಿಂತೆ. ಅವ್ವ ದೇವರ ಕೋಣೆಯ ಕಡೆ ತಿರುಗಿ ಕೈಮುಗಿದಳು.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ನನ್ನ ಹೆಂಡತಿಗೆ ಮೊದಲು ನಗು ಬಂತು, ಆಮೇಲೆ ಅಳು.

"ಬೈಬ್ಯಾಡ್ರಿ ಅತ್ತೆ. ಮಗಳನ್ನ ಹೊನ್ನಾಳಿಗೆ ಗಂಡನ ಮನಿಗೆ ಕಳಿಸೋವಾಗ ಬುತ್ತಿ ಕೆಳಗೆ ಒಂದು ಡಬ್ಬಿ ಹೆಪ್ಪು ಇಟ್ಟಿದ್ದೆ. ಅವಳ ಮನ್ಯಾಗೆ ಇವತ್ತಿಗೂ ಅದೇ ಮೊಸರು."

ಹೆಂಡತಿ ಬಸ್ಸು ಹತ್ತಿ ಹೋಗಿ ಸಂಜೆಯೊಳಗೆ ಡಬ್ಬಿ ತಂದಳು. ಅವ್ವ ಬೆರಳಿಗೆ ತುಸು ಹಚ್ಚಿಕೊಂಡು ನೆಕ್ಕಿ, ಕಣ್ಣು ಮುಚ್ಚಿ, "ನಮ್ದೇ," ಎಂದಳು. ಆಮೇಲೆ ಕಣ್ಣು ತೆರೆದು ಸೊಸೆಗೆ "ಕಳ್ಳಿ," ಎಂದಳು.

ನನ್ನ ಹೊಟ್ಟೆ ಹಾದಿಗೆ ಬರಲು ವಾರಗಳೇ ಹಿಡಿದವು. ಮೊಸರಿನಿಂದಲೋ, ಕ್ಯಾಪ್ಸೂಲು ನಿಂತದ್ದಕ್ಕೋ, ಡಾಕ್ಟರೂ ಖಚಿತವಾಗಿ ಹೇಳಲಿಲ್ಲ. ಅವ್ವ ಮಾತ್ರ ಅಷ್ಟು ದಿನ ಕಾಯಲಿಲ್ಲ. ಹೊನ್ನಾಳಿಯ ಹೆಪ್ಪಿನಿಂದ ಮೊದಲ ಮೊಸರು ಗಟ್ಟಿಯಾದ ಬೆಳಿಗ್ಗೆಯೇ ಒಂದು ಪುಟ್ಟ ಬಟ್ಟಲಿಗೆ ಹಾಕಿ, ಮುಚ್ಚಿ, ಸೊಸೆಯ ಸೆರಗಿನೊಳಗೆ ತುರುಕಿದಳು.

"ಇದನ್ನ ಪಕ್ಕದ ಮನಿಗೆ ಕದ್ದು ಕೊಟ್ಟು ಬಾ," ಎಂದಳು. "ನಂಗೆ ಹೇಳಬ್ಯಾಡ."