ಆರನೇ ನಂಬರಿಗೆ ನಾನು ತೂರಿಸಿದ ಫಂಕ್ಷನ್

ಕೊರೊನಾ ಮುಗಿದು ಆಫೀಸುಗಳು ಮತ್ತೆ ಬಾಗಿಲು ತೆರೆದ ವರ್ಷ ಅದು. ದೊಡ್ಡನೆಕ್ಕುಂದಿಯಲ್ಲಿ ಕಿವಿ ಪರೀಕ್ಷೆಯ ಯಂತ್ರ ತಯಾರಿಸುವ ಸಣ್ಣ ಕಂಪನಿಯೊಂದರಲ್ಲಿ ನಾನು ಹಿರಿಯ ಪ್ರೋಗ್ರಾಮರ್ ಆಗಿದ್ದೆ. ದಾವಣಗೆರೆಯಿಂದ ಬಂದು ಬಾಣಸವಾಡಿಯಲ್ಲಿ ನೆಲೆಸಿ ಹದಿನಾರು ವರ್ಷವಾಗಿತ್ತು. ಕೆಲಸದಲ್ಲಿ ಗಟ್ಟಿಗಿತ್ತಿ ಎಂಬ ಹೆಸರಿತ್ತು. ಆ ಹೆಸರನ್ನು ಎಲ್ಲರಿಗಿಂತ ಸ್ವಲ್ಪ ಹೆಚ್ಚು ನಂಬಿದ್ದವಳು ನಾನೇ.

ಯಂತ್ರವೆಂದರೆ ಒಂದು ಪೆಟ್ಟಿಗೆ, ಒಂದು ಹೆಡ್‌ಫೋನ್, ಪಕ್ಕದಲ್ಲೊಂದು ಕಂಪ್ಯೂಟರ್. ಪೆಟ್ಟಿಗೆಯ ಜೊತೆ ವ್ಯವಹರಿಸುವ ಕೋಡೆಲ್ಲ ಒಂದು ಡಿಎಲ್‌ಎಲ್ ಫೈಲಿನಲ್ಲಿತ್ತು. ಡಿಎಲ್‌ಎಲ್ ಎಂದರೆ ಹಲವು ಪ್ರೋಗ್ರಾಂಗಳು ಹಂಚಿಕೊಳ್ಳುವ ಲೈಬ್ರರಿ, ವಠಾರಕ್ಕೆಲ್ಲ ಇರುವ ಒಂದೇ ನಲ್ಲಿಯ ಹಾಗೆ. ನಮ್ಮ ನಲ್ಲಿಗೆ ಕೊಡ ಹಿಡಿಯುತ್ತಿದ್ದದ್ದು ಎರಡು ಪ್ರೋಗ್ರಾಂ. ದೊಡ್ಡ ಆಸ್ಪತ್ರೆಗಳಿಗೆ ನಾನು ಬರೆದದ್ದು ಒಂದು, ಸಣ್ಣ ಕ್ಲಿನಿಕ್ಕುಗಳಿಗೆ ಸೆಲ್ವಂ ಸರ್ ಬಹಳ ಹಿಂದೆ ಬರೆದದ್ದು ಇನ್ನೊಂದು. ಲೈಬ್ರರಿಯೂ ಅವರದೇ.

ಸೆಲ್ವಂ ಸರ್ ಹಲಸೂರಿನವರು. ಸರ್ಕಾರಿ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು, ನಿವೃತ್ತರಾಗಿ ನಮ್ಮಲ್ಲಿಗೆ ಬಂದಿದ್ದರು. ಆಗ ಅವರಿಗೆ ಅರವತ್ತೆಂಟು. ಕಾಲೇಜಿನಲ್ಲಿ ನಾನು ಸಿ ಭಾಷೆ ಕಲಿತದ್ದು ಪಾಸಾಗುವುದಕ್ಕೆ. ಅದರಲ್ಲಿ ಕೆಲಸ ಮಾಡುವುದನ್ನು ಕಲಿಸಿದವರು ಅವರು, ಅದೂ ಒಮ್ಮೆಯೂ ದನಿ ಎತ್ತದೆ. ಕಾರ್ಖಾನೆಯಲ್ಲಿ ಪ್ರತಿ ಬಿಡಿಭಾಗಕ್ಕೂ ಒಂದು ನಂಬರು. ಹೆಸರು ಬೇಕಾದರೆ ಬದಲಾಗಲಿ, ಕೊಟ್ಟ ನಂಬರು ಬದಲಾಗಕೂಡದು. ಅದೇ ಪದ್ಧತಿಯನ್ನು ಅವರು ಲೈಬ್ರರಿಗೂ ತಂದಿದ್ದರು. ಒಳಗೆ ಒಂದೊಂದು ಕೆಲಸಕ್ಕೆ ಒಂದೊಂದರಂತೆ ಇದ್ದ ಇಪ್ಪತ್ತೆರಡು ಫಂಕ್ಷನ್‌ಗಳನ್ನು ಪ್ರೋಗ್ರಾಂಗಳು ಹೆಸರು ಹಿಡಿದು ಕರೆಯದೆ ನಂಬರಿನಿಂದ ಕರೆಯುತ್ತಿದ್ದವು. ಆರು ಎಂದರೆ ಯಾವ ಕಿವಿ, ಏಳು ಎಂದರೆ ಫ್ರೀಕ್ವೆನ್ಸಿ, ಎಂಟು ಎಂದರೆ ವಾಲ್ಯೂಮ್. ಈಗಿನವರು ಹಾಗೆ ಮಾಡುವುದು ಕಡಿಮೆ, ಆದರೆ ಕಂಪ್ಯೂಟರಿನ ತಕರಾರೇನೂ ಇಲ್ಲ.

ಹೊಸ ಬಗೆಯ ಹೆಡ್‌ಫೋನ್ ಬಂತು. ಅದಕ್ಕೆ ಬೇಕಾದ ಫಂಕ್ಷನ್ನನ್ನು ಸರ್ ಬರೆದು ನನ್ನ ಕೈಗೆ ಕೊಟ್ಟು, "ಕೊನೇಲಿ ಸೇರಿಸಮ್ಮ, ಇಪ್ಪತ್ಮೂರು" ಎಂದರು. ನನಗೊಂದು ಚಾಳಿ. ಅಡ್ಡಾದಿಡ್ಡಿ ಇರುವುದನ್ನು ಕಂಡರೆ ಕೈ ಸುಮ್ಮನಿರುವುದಿಲ್ಲ. ಹೆಡ್‌ಫೋನ್ ಕಿವಿಯ ಪಕ್ಕದಲ್ಲಿರಬೇಕಲ್ಲವೇ ಎಂದು ಅದನ್ನು ಆರನೇ ಜಾಗಕ್ಕೆ ತೂರಿಸಿ, ಉಳಿದವನ್ನೆಲ್ಲ ಒಂದೊಂದು ಮನೆ ಮುಂದೆ ತಳ್ಳಿದೆ. ನನ್ನ ಪ್ರೋಗ್ರಾಮಿನಲ್ಲಿ ನಂಬರುಗಳನ್ನು ತಿದ್ದಿದೆ, ಪರೀಕ್ಷಿಸಿದೆ, ಚೆನ್ನಾಗಿತ್ತು. ಸರ್ ಅವರ ಹಳೆಯ ಪ್ರೋಗ್ರಾಂ ಕೂಡ ಅದೇ ನಂಬರುಗಳನ್ನು ನಂಬಿಕೊಂಡಿದೆ ಎಂಬುದು ತಲೆಗೇ ಬರಲಿಲ್ಲ. ಹೊಸ ಲೈಬ್ರರಿಯನ್ನು ಎಲ್ಲ ಕಡೆಗೂ ಕಳಿಸಿಬಿಟ್ಟೆ.

ಮಂಗಳವಾರ ಬೆಳಗ್ಗೆ ಶಿವಾಜಿನಗರದ ಕ್ಲಿನಿಕ್ಕಿನಿಂದ ಫೋನ್. ಅಲ್ಲಿ ಕಿವಿ ಪರೀಕ್ಷೆ ಮಾಡುವ ನಸ್ರೀನ್.

"ಮೇಡಂ, ಬೆಳಗ್ಗೆಯಿಂದ ಐದು ಜನ ಕೂತ್ರು, ಐದೂ ಜನ ಕಿವುಡ್ರು! ನಾನೇ ಹಾಕ್ಕೊಂಡು ನೋಡ್ದೆ. ನಾನೂ ಕಿವುಡಿ!"

ನಕ್ಕೆ. ಆದರೆ ನಮ್ಮ ಮಾಲೀಕ ಪ್ರಕಾಶ್ ನಗಲಿಲ್ಲ. ಆಸ್ಪತ್ರೆಗಳಲ್ಲಿ ನನ್ನ ಪ್ರೋಗ್ರಾಂ ಸರಿಯಾಗಿ ನಡೆಯುತ್ತಿತ್ತು, ಕ್ಲಿನಿಕ್ಕಿನಲ್ಲಿ ಕೈಕೊಟ್ಟದ್ದು ಸರ್ ಅವರದು. ಹೊಸ ಫಂಕ್ಷನ್ ಬರೆದವರೂ ಅವರೇ. "ವೀಣಾ, ಸರ್‌ಗೆ ವಯಸ್ಸಾಯ್ತು. ಹೊರಗಿಂದ ಬೇರೆ ಲೈಬ್ರರಿ ತಗೊಳ್ಳೋಣ. ಅವ್ರನ್ನ ಈ ತಿಂಗಳಿಗೆ ಕಳಿಸ್ಬಿಡೋಣ" ಎಂದರು. ಬಾಗಿಲು ತೆರೆದೇ ಇತ್ತು. ಹೊರಗೆ ನಿಂತಿದ್ದ ಸರ್‌ಗೆ ಅದು ಕೇಳಿಸಿತ್ತು.

ನಾನು, ಸರ್ ಇಬ್ಬರೂ ಆಟೋ ಹಿಡಿದು ಕ್ಲಿನಿಕ್ಕಿಗೆ ಹೊರಟೆವು. ದಾರಿಯುದ್ದಕ್ಕೂ ಅವರು ಆಡಿದ್ದು ಒಂದೇ ಮಾತು: "ನನ್ನದೇ ಇರಬಹುದಮ್ಮ. ಈಚೆಗೆ ಮರೀತೀನಿ."

ರಸೆಲ್ ಮಾರ್ಕೆಟ್ ಹಿಂದಿನ ಗಲ್ಲಿಯ ಆ ಕ್ಲಿನಿಕ್ಕಿನಲ್ಲಿ ಒಬ್ಬರು ಕೂರುವಷ್ಟೇ ಜಾಗ. ಸರ್ ಹೊರಗಿನ ಬೆಂಚಿನ ಮೇಲೆ ಕೂತರು, ನಾನು ಒಳಗೆ. ಹಳೆಯ ಲೈಬ್ರರಿ ಹಾಕಿದರೆ ಶಬ್ದ ಬಂತು, ಹೊಸದು ಹಾಕಿದರೆ ನಿಶ್ಶಬ್ದ. ಎರಡರ ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದೆ. ವಾಲ್ಯೂಮ್ ಏರಿಸೆಂದು ಹಳೆಯ ಪ್ರೋಗ್ರಾಂ ಎಂಟನ್ನು ಕರೆಯುತ್ತಿತ್ತು, ಓಗೊಡುತ್ತಿದ್ದದ್ದು ಫ್ರೀಕ್ವೆನ್ಸಿ. ವಾಲ್ಯೂಮ್, ಆ ಪ್ರೋಗ್ರಾಂ ಎಂದೂ ಕರೆಯದ ಒಂಬತ್ತರಲ್ಲಿ, ಸೊನ್ನೆಯ ಮೇಲೆ ಕೂತಿತ್ತು. ಈ ಫಂಕ್ಷನ್‌ಗಳೆಲ್ಲ ತೆಗೆದುಕೊಳ್ಳುವುದು ಒಂದೊಂದೇ ಅಂಕಿ. ಹಾಗಾಗಿ ತಪ್ಪು ಮನೆಗೆ ಹೋದ ಅಂಕಿಯನ್ನೂ ಲೈಬ್ರರಿ ಸುಮ್ಮನೆ ಒಪ್ಪಿಕೊಂಡಿತ್ತು. ಪ್ರೋಗ್ರಾಂ ಧಡಕ್ಕೆಂದು ನಿಂತುಬಿಟ್ಟಿದ್ದರೆ ಕಳಿಸಿದ ದಿನವೇ ಗೊತ್ತಾಗುತ್ತಿತ್ತು.

ನಸ್ರೀನ್ ಚಹಾ ತಂದಿಟ್ಟರು. ನಾನು ಕುಡಿಯುತ್ತ ಲೆಕ್ಕ ಹಾಕಿದೆ. ಬರುವ ತಿಂಗಳು ನನ್ನನ್ನು ಟೀಮ್ ಲೀಡ್ ಮಾಡುವ ಮಾತಿತ್ತು. ಸದ್ದಿಲ್ಲದೆ ಫೈಲು ಸರಿಪಡಿಸಿ, ಏನೋ ಸಣ್ಣ ತೊಂದರೆ ಎಂದರೆ ಯಾರು ಕೇಳುತ್ತಾರೆ? ಕಿಟಕಿಯಿಂದ ಸರ್ ಕಾಣುತ್ತಿದ್ದರು. ಕಣ್ಣು ಮುಚ್ಚಿಕೊಂಡು ತುಟಿ ಅಲ್ಲಾಡಿಸುತ್ತಿದ್ದರು. ದೇವರ ಧ್ಯಾನವಿರಬೇಕು ಎಂದುಕೊಂಡೆ. ಹೀಗೆ ಅರ್ಧ ಗಂಟೆ ಕಳೆಯಿತು. ಇಂದಿಗೂ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಕೊನೆಗೆ ಎದ್ದು ಹೋಗಿ ಬೆಂಚಿನ ಮೇಲೆ ಪಕ್ಕದಲ್ಲಿ ಕೂತೆ.

"ಸರ್, ತಪ್ಪು ನಂದು. ಕೊನೇಲಿ ಹಾಕು ಅಂದ್ರಿ, ನಾನು ಮಧ್ಯ ತೂರಿಸ್ದೆ. ಅರ್ಧ ಗಂಟೆ ಹಿಂದೇನೇ ಗೊತ್ತಾಯ್ತು."

ಅವರು ಬೈಯಲಿ ಎಂದು ತಲೆ ತಗ್ಗಿಸಿದೆ. "ನಂಬರು ಬಿಡಮ್ಮ, ಕೆಲಸ ಮಾಡೋರು ತಪ್ಪು ಮಾಡ್ತಾರೆ" ಎಂದರು. "ಈ ಅರ್ಧ ಗಂಟೆ ನಾನು ಏನ್ ಮಾಡ್ತಿದ್ದೆ ಗೊತ್ತಾ? ಹದಿನೇಳರ ಮಗ್ಗಿ ಹೇಳ್ಕೊತಿದ್ದೆ. ತಮಿಳಲ್ಲಿ ಒಂದ್ಸಲ, ಕನ್ನಡದಲ್ಲಿ ಒಂದ್ಸಲ. ಎರಡೂ ಸರಿಯಾಗೇ ಬಂತು. ಆದ್ರೂ ತಲೆ ನೆಟ್ಟಗಿದೆ ಅಂತ ನಂಬಿಕೆ ಬರ್ಲಿಲ್ಲ."

ನಾನು ಅತ್ತುಬಿಟ್ಟೆ. ಅಲ್ಲಿಂದಲೇ ಪ್ರಕಾಶ್‌ಗೆ ಫೋನ್ ಮಾಡಿ, ಸರ್ ಎದುರಿಗೇ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹೊಸ ಫಂಕ್ಷನ್ ಆವತ್ತೇ ಇಪ್ಪತ್ತಮೂರಕ್ಕೆ ಹೋಯಿತು. ಟೀಮ್ ಲೀಡ್ ಆಗುವುದು ಒಂದು ವರ್ಷ ಮುಂದಕ್ಕೆ ಹೋಯಿತು. ಸರ್ ಮತ್ತೆರಡು ವರ್ಷ ನಮ್ಮಲ್ಲೇ ಇದ್ದರು, ತಾವಾಗಿಯೇ ಸಾಕೆನ್ನುವವರೆಗೆ.

ಈಗ ನನ್ನ ಕೈಕೆಳಗೆ ಒಂಬತ್ತು ಜನರಿದ್ದಾರೆ. ದೋಷ ಸಿಕ್ಕ ತಕ್ಷಣ, ಅದರ ಆಪಾದನೆ ಹೊತ್ತು ಕೂತವರಿಗೆ ಮೊದಲು ಫೋನ್ ಮಾಡಿ, ಆಮೇಲೆ ಫೈಲು ಸರಿಮಾಡಿ ಎಂದು ಅವರಿಗೆ ಹೇಳುತ್ತಿರುತ್ತೇನೆ. "ಹತ್ತು ನಿಮಿಷ ತಡವಾದ್ರೆ ಏನಾಗುತ್ತೆ ಮೇಡಂ?" ಎಂದು ಒಬ್ಬಳು ಕೇಳಿದಳು.

ಆ ಹತ್ತು ನಿಮಿಷ ಅವರು ಎಲ್ಲೋ ಕೂತು ಮಗ್ಗಿ ಹೇಳಿಕೊಳ್ಳುತ್ತಿರುತ್ತಾರೆ ಕಣೇ, ಎಂದೆ.