ಎಡಕ್ಕೆ ಬಿದ್ದ ಆರು ಕಾಜಾ

ಕಾಜಾದಮ್ಮ ಅವನನ್ನು ನೋಡಿದ್ದು ಆಮೇಲೆ. ಮೊದಲು ಕೇಳಿಸಿದ್ದು ಅವನ ಮೇಲಿನ ನಗು. ದರ್ಜಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಅವಳು ಕಿಟಕಿಯ ಬೆಳಕಿಗೆ ಮಗ್ಗುಲಾಗಿ ಕೂತು ಒಂದು ಅಂಗಿಗೆ ಗುಂಡಿ ತೂರಿಸುವ ನಾಲ್ಕನೇ ಕಾಜಾ ಹೊಲಿಯುತ್ತಿದ್ದಳು. ಮುಂದಿನ ಕೋಣೆಯಲ್ಲಿದ್ದ ಮಾಸ್ತರ, ಅಂದರೆ ಅವಳ ಮೈದುನ, ಮೆಷಿನ್ನು ನಿಲ್ಲಿಸಿ ಕೆಮ್ಮು ಬರುವಷ್ಟು ನಕ್ಕ.

“ಅತ್ತಿಗೆ, ಕೇಳಿದ್ರಾ? ಒಬ್ಬ ಬಂದಿದ್ದ. ಕಿಟಕಿ ಪರದೆ ಬಟ್ಟೆ ತಂದು ಇದರಲ್ಲಿ ಕೋಟು ಹೊಲಿ ಅಂತಾನೆ. ಒಂದೊಂದು ಹೂವು ಅಂಗೈಯಗಲ! ಹಿಂದುಗಡೆ ಬಾಲ ಹಿಮ್ಮಡಿ ತನಕ ಬರಬೇಕಂತೆ.”

“ಯಾರಿಗಂತೆ?”

“ಅವನಿಗೇ!”

“ನಾಟಕದವನಿರಬೇಕು ಬಿಡು.”

“ನಾಟಕಾನೂ ಇಲ್ಲ, ಬಯಲಾಟಾನೂ ಇಲ್ಲ. ಆಚೆ ಬೀದಿ ಯೂನಿಫಾರ್ಮ್ ಅಂಗಡೀಲಿ ಮಕ್ಕಳಿಗೆ ಅಳತೆ ನೋಡಿ ಚಡ್ಡಿ ಕೊಡ್ತಾನಲ್ಲ, ಆ ಉದ್ದನೆಯವನು.”

“ಹೊಲಿಯಲ್ಲ ಅಂದ್ಯಾ?”

“ಯಾಕನ್ನಲಿ? ತೊಡೋನು ಅವನು, ನಗೋರು ಊರೋರು. ನಮ್ಮ ಗಂಟೇನು ಹೋಗುತ್ತೆ?”

ಅಂದಿನಿಂದ ಅಂಗಡಿಯಲ್ಲಿ ಅವನಿಗೆ ‘ಪರದೆ’ ಅಂತಲೇ ಹೆಸರಾಯಿತು. ಅಂಗಡಿಯಿಂದ ಬೀದಿಗೆ, ಬೀದಿಯಿಂದ ಪೇಟೆಗೆ ಹೋಗಲು ಆ ಹೆಸರಿಗೆ ತಿಂಗಳೂ ಬೇಕಾಗಲಿಲ್ಲ.

ಹೊಲಿದಾದ ಮೇಲಿನ ಭಾನುವಾರ ಅವನು ಅದನ್ನು ತೊಟ್ಟು ದೊಡ್ಡ ಬೀದಿಯ ಈ ತುದಿಯಿಂದ ಬಸ್ ನಿಲ್ದಾಣದವರೆಗೆ ನಡೆದ. ಕಾಜಾದಮ್ಮ ಅಂಗಡಿಯ ಮೆಟ್ಟಿಲ ಮೇಲೆ ನಿಂತು ನೋಡಿದಳು. ಹೆಗಲು ಮೂರು ಗೇಣು ಅಗಲ, ಕೆಂಪು ಹೂವು, ಕುತ್ತಿಗೆಗೆ ಸುತ್ತಿದ ಹಳದಿ ಬಟ್ಟೆ. ಅವಸರವಿಲ್ಲದ ನಡಿಗೆ. ಹಣ್ಣಿನ ಗಾಡಿಯವನು, “ಏ ಪರದೆ, ಕಿಟಕಿ ಎಲ್ಲಿ ಬಿಟ್ಟು ಬಂದ್ಯೋ?” ಎಂದು ಕೂಗಿದ. ಇವನು ತಲೆಬಾಗಿಸಿ, “ಮನೇಲಿ ತೆರೆದೇ ಇದೆ ಅಣ್ಣಾ, ಗಾಳಿಗೆ” ಎಂದ. ಕಾಜಾದಮ್ಮನಿಗೂ ನಗು ಬಂತು. ನಾಚಿಕೆಯೂ ಆಯಿತು, ತನ್ನ ಮನೆಯ ಹುಡುಗನೇ ಹಾಗೆ ಹೊರಟಿದ್ದಾನೇನೋ ಎಂಬಂತೆ. ಆ ನಾಚಿಕೆ ಕೊನೆಯವರೆಗೂ ಅವಳನ್ನು ಬಿಡಲಿಲ್ಲ.

ಒಂದೆರಡು ವರ್ಷದಲ್ಲಿ ಅವನು ಹೊಲಿಗೆಯನ್ನೂ ತಾನೇ ಕಲಿತ. ಕತ್ತರಿಸುವುದು, ಕೂಡಿಸುವುದು, ಒಳಬಟ್ಟೆ ಕೊಡುವುದು ಎಲ್ಲಾ ಬಂತು. ಬಾರದ್ದು ಕಾಜಾ ಒಂದೇ. ಅದಕ್ಕಾಗಿ ಅವಳ ಬಳಿ ಬರುತ್ತಿದ್ದ. ಬಂದರೆ ಬಿಳಿ ಅಂಗಿ, ಬೂದು ಪ್ಯಾಂಟಿನಲ್ಲೇ, ಕೊರಳಲ್ಲಿ ಅಳತೆಪಟ್ಟಿ ಹಾಗೇ ಜೋತಿರುತ್ತಿತ್ತು. ಯೂನಿಫಾರ್ಮ್ ಅಂಗಡಿಯ ಧಣಿಗೆ ಕೆಲಸದವರೂ ಯೂನಿಫಾರ್ಮಿನ ಹಾಗೇ ಕಾಣಬೇಕಿತ್ತು.

ಒಮ್ಮೆ ಅವಳ ಎದುರು ಕೂತು ಅವನು ಹೇಳಿದ್ದ. “ಬೆಳಗ್ಗಿಂದ ಸಂಜೆ ತನಕ ಅದೇ ಬೂದು, ಅದೇ ನೀಲಿ ಅಮ್ಮಾ. ಮೊನ್ನೆ ಒಂದು ಹುಡುಗಿ ‘ಬೇರೆ ಬಣ್ಣ ಇಲ್ವಾ?’ ಅಂತ ಕೇಳಿತು. ‘ಇಲ್ಲ ಮರಿ’ ಅಂದೆ. ಅವರಮ್ಮ ತಲೆಮೇಲೊಂದು ಮೊಟಕಿದಳು. ನನ್ನ ತಲೆಗೇ ಬಿದ್ದಂಗಾಯ್ತು.”

“ಬಣ್ಣ ಬೇಕಾದ್ರೆ ಅಂಗಿ ಬಣ್ಣದ್ದು ಹಾಕ್ಕೊ. ಈ ಬಾಲ, ರೆಕ್ಕೆ ಎಲ್ಲಾ ಯಾಕಪ್ಪಾ?”

“ಅದು ಹಾಕ್ಕೊಂಡಾಗ ನಾನು ಇಷ್ಟು ಜಾಗ ತುಂಬ್ತೀನಿ ಅಮ್ಮಾ” ಎಂದು ಎರಡು ಕೈಯನ್ನೂ ಚಾಚಿದ. ಬೆರಳು ಎರಡು ಕಡೆಯ ಗೋಡೆಗೂ ತಾಗಿತು. ಆ ಕೋಣೆ ಅಷ್ಟೇ ಇತ್ತು.

ಮೂವತ್ತಾರಕ್ಕೆ ಬಿದ್ದ ವರ್ಷ ಅವನು ಮೀನಿನ ಕೋಟು ಶುರುಮಾಡಿದ. ಯೂನಿಫಾರ್ಮಿನ ಪ್ಯಾಂಟು ಉದ್ದವಾದರೆ ಅಂಗಡಿಯಲ್ಲೇ ಕಾಲು ಕತ್ತರಿಸಿ ಕೊಡುತ್ತಿದ್ದರು. ಆ ತುಂಡುಗಳು ಕಸಕ್ಕೆ ಹೋಗುತ್ತಿದ್ದವು. ಅವನ್ನೆಲ್ಲ ಬಾಚಿ ತಂದು ಉಗುರಿನಷ್ಟುದ್ದದ ಹುರುಪೆಗಳಾಗಿ ಕತ್ತರಿಸಿದ. ಬೂದು, ನೀಲಿ, ಕಂದು, ಒಂಬೈನೂರಕ್ಕೂ ಹೆಚ್ಚು. ಕಪ್ಪು ಮಖಮಲ್ಲಿನ ಕೋಟಿನ ಬಲಮಗ್ಗುಲಿಗೆ ಒಂದೊಂದನ್ನೇ ಹೊಲಿದ. ಹೆಗಲ ಬಳಿ ಮೀನಿನ ಬಾಲ, ಸೊಂಟದ ಬಳಿ ತಲೆ. ಹೊಟ್ಟೆ ಸರಿಯಾಗಿ ಕೋಟಿನ ಮುಂದಿನ ಅಂಚಿಗೆ ಬಂದಿತ್ತು. ಬಾವಿಗೆ ಧುಮುಕುತ್ತಿರುವ ಮೀನು. ಮಕ್ಕಳ ಚಡ್ಡಿ ತುಂಡಿನಿಂದ ಇಂಥದ್ದು ಏಳುತ್ತದೆಂದು ಕಾಜಾದಮ್ಮ ಕನಸಲ್ಲೂ ಎಣಿಸಿರಲಿಲ್ಲ. ಮಾಸ್ತರ ಕೂಡ ನಗುವುದು ಬಿಟ್ಟು ಅದನ್ನು ಬೆಳಕಿಗೆ ಹಿಡಿದು ನೋಡಿದ್ದ.

ಅದಕ್ಕೊಂದು ಗುರಿಯಿತ್ತು. ಬಟ್ಟೆ ವ್ಯಾಪಾರಿಗಳ ಸಂಘದವರು ಪಕ್ಕದ ಊರಿನ ದೊಡ್ಡ ಹಾಲಿನಲ್ಲಿ ಫ್ಯಾಶನ್ ಶೋ ಇಟ್ಟಿದ್ದರು. ಯಾರು ಬೇಕಾದರೂ ತಾವು ರೂಪಿಸಿದ ಉಡುಪು ತೊಟ್ಟು ವೇದಿಕೆಯ ಮೇಲೆ ನಡೆಯಬಹುದು. ಆರಿಸಿದ ಒಬ್ಬರಿಗೆ ಉಡುಪು ತಯಾರಿಸುವ ಹೆಸರಾಂತ ಕಂಪನಿಯಲ್ಲಿ ಕೆಲಸ. ವಯಸ್ಸಿನ ಮಿತಿ ಮೂವತ್ತಾರು. ಈ ವರ್ಷ ತಪ್ಪಿದರೆ ಮತ್ತಿಲ್ಲ.

ಶೋಗೆ ಮೂರು ದಿನ ಇರುವಾಗ ಕೋಟನ್ನೂ ಆರು ಕರಿ ಗುಂಡಿಗಳನ್ನೂ ತಂದ. “ಕಾಜಾ ಮಾತ್ರ ನಿಮ್ಮ ಕೈಯದೇ ಆಗ್ಬೇಕು. ಆದ್ರೆ ಒಂದು ಮಾತು ಅಮ್ಮಾ, ಬಲಗಡೆ. ಬಲಮಗ್ಗುಲು ಎಡದ ಮೇಲೆ ಕೂರಬೇಕು. ಎಡ ಮೇಲೆ ಬಂದ್ರೆ ಮೀನು ಅರ್ಧ ಒಳಗೆ ಹೋಗುತ್ತೆ.”

“ಬಲಗಡೆ ಹೆಂಗಸರದ್ದಪ್ಪಾ. ಗಂಡಸರದ್ದು ಎಡಗಡೆ.”

“ಮೀನಿಗೆ ಗಂಡು ಹೆಣ್ಣು ಗೊತ್ತಾ ಅಮ್ಮಾ?”

“ನೋಡೋರಿಗೆ ಗೊತ್ತಾಗುತ್ತಲ್ಲ.”

ಅವನು ನಕ್ಕು, ಬಲಮಗ್ಗುಲಿನಲ್ಲಿ ಸೀಮೆಸುಣ್ಣದಿಂದ ಆರು ಗೆರೆ ಎಳೆದ. ಹೋಗುವಾಗ ಬಾಗಿಲಲ್ಲಿ ನಿಂತು ಇನ್ನೊಮ್ಮೆ, “ಬಲಗಡೆ” ಎಂದ.

ಅವಳ ಗಂಡ ಬದುಕಿದ್ದಾಗ ಕಲಿಸಿದ ಕೆಲಸ ಅದು. ಗಂಡಸರದ್ದು ಎಡ, ಹೆಂಗಸರದ್ದು ಬಲ. ಕಣ್ಣು ಮುಚ್ಚಿದರೂ ಕೈಗೆ ಗೊತ್ತಿರಬೇಕು ಎನ್ನುತ್ತಿದ್ದ. ನಲವತ್ತು ವರ್ಷ ಅವಳ ಕೈಗೆ ಗೊತ್ತಿತ್ತು. ಅಂಗಡಿಗೆ ಬರುತ್ತಿದ್ದದ್ದೂ ಗಂಡಸರ ಬಟ್ಟೆಯೇ.

ಮರುದಿನ ಅವನ ತಾಯಿ ಬಂದಳು. ಕಾಜಾದಮ್ಮನ ವಾರಿಗೆಯವಳೇ, ಅವಳಂತೆಯೇ ಗಂಡ ಸತ್ತವಳು. ಚಪ್ಪಲಿ ಬಿಟ್ಟು ಹಿಂದಿನ ಕೋಣೆಗೆ ಬಂದವಳು ಗೋಡೆಗೆ ತೂಗುಹಾಕಿದ್ದ ಕೋಟನ್ನು ನೋಡಿ ಮುಖ ತಿರುಗಿಸಿ ಕೂತಳು.

“ಅಕ್ಕಾ, ನಾನು ಬಂದಿದ್ದು ಅವನಿಗೆ ಗೊತ್ತಾಗಬಾರದು.”

“ಹೇಳಿ.”

“ಆ ಕೋಟು ಮುಗಿಸಬೇಡಿ. ಕೈ ನೋವು ಅನ್ನಿ, ಏನಾದ್ರೂ ಅನ್ನಿ. ಈ ಊರಿನವರು ನಗೋದು ಸಾಲದು ಅಂತ ಪರವೂರಿಗೆ ಹೋಗಿ ನಗಿಸ್ಕೊಂಡು ಬರ್ತಾನಂತೆ. ಇವನ ಭಾನುವಾರದ ಮೆರವಣಿಗೆ ನೋಡಿ ಬಂದಿದ್ದ ಎರಡು ಸಂಬಂಧ ಹಿಂದೆ ಹೋಯ್ತು. ಧಣಿಗೆ ಕೆಲಸ ಬಿಡ್ತೀನಿ ಅಂತ ಬೇರೆ ಹೇಳಿಬಿಟ್ಟಿದ್ದಾನೆ.”

“ಆರಿಸಿದ್ರೆ ಒಳ್ಳೇದೇ ಅಲ್ವಾ?”

“ಇವನನ್ನಾ? ಮುಖಕ್ಕೆ ಮಣ್ಣು ಮೆತ್ಕೊಂಡು ಬಂದ್ರೆ ತೊಳೆಯೋಳು ನಾನು ಅಕ್ಕಾ. ನಿಮಗೂ ಮಕ್ಕಳಿದ್ದಿದ್ರೆ ಗೊತ್ತಾಗ್ತಿತ್ತು.”

ಆ ಕೊನೆಯ ಮಾತು ಕಾಜಾದಮ್ಮನಿಗೆ ಸೂಜಿ ನಟ್ಟಂತೆ ನಟ್ಟಿತು. ಆಗಲಿ ಎನ್ನಲಿಲ್ಲ, ಆಗುವುದಿಲ್ಲ ಎನ್ನಲೂ ಇಲ್ಲ. “ನೀರು ಕುಡೀರಿ” ಎಂದಳು. ಆಕೆ ಕುಡಿಯದೆ ಎದ್ದುಹೋದಳು.

ಶೋ ದಿನ ಬೆಳಗ್ಗೆ ಕಾಜಾದಮ್ಮ ಕೋಟನ್ನು ಮಡಿಲಿಗೆ ಹಾಕಿಕೊಂಡಳು. ಹಿಂದಿನ ದಿನ ಮುಗಿಸಬಹುದಿತ್ತು. ಬೇರೆ ಅಂಗಿಗಳನ್ನು ಮುಂದಿಟ್ಟುಕೊಂಡು ತಳ್ಳಿದ್ದಳು. ಯಾಕೆಂದು ಆಗ ತನ್ನನ್ನು ತಾನು ಕೇಳಿಕೊಳ್ಳಲಿಲ್ಲ. ಹುರುಪೆ ಕಿತ್ತುಬಾರದಂತೆ ಮೀನಿರುವ ಬಲಮಗ್ಗುಲನ್ನು ಮಡಿಸಿ ಕೆಳಗಿಟ್ಟಿದ್ದಳು. ಮೇಲಿದ್ದದ್ದು ಎಡಮಗ್ಗುಲು, ಬರೀ ಕಪ್ಪು. ದಾರಕ್ಕೆ ಮೇಣ ತಿಕ್ಕಿದಳು. ಬೆರಳಿನಿಂದ ಅಳೆದಳು, ಉಳಿ ಇಟ್ಟು ಸುತ್ತಿಗೆಯಲ್ಲಿ ಒಂದೊಂದು ಏಟು ಹಾಕಿದಳು. ಅವಳ ಪದ್ಧತಿಯೇ ಹಾಗೆ: ಮೊದಲು ಎಲ್ಲ ಸೀಳಿಬಿಡುವುದು, ಆಮೇಲೆ ಒಂದೇ ಉಸಿರಿಗೆ ಹೊಲಿಗೆ ಹಾಕುತ್ತಾ ಹೋಗುವುದು. ಆರು ಏಟು, ಆರು ಸೀಳು. ಗುಂಡಿಗಳನ್ನು ಎದುರು ಮಗ್ಗುಲಿಗೆ ಹಚ್ಚಲು ಬಟ್ಟೆ ತಿರುಗಿಸಿದಾಗ ಮಧ್ಯಾಹ್ನವಾಗಿತ್ತು. ಅಲ್ಲಿ ಮೀನಿನ ಹೊಟ್ಟೆಯ ಅಂಚಿನಲ್ಲಿ ಆರು ಬಿಳಿಗೆರೆ, ಎಳೆದ ಹಾಗೇ ಇದ್ದವು.

ಅವಳ ಕೈಯಿಂದ ಗುಂಡಿ ಜಾರಿತು. ಮಾಸ್ತರ ಬಂದು ಇಣುಕಿದ.

“ಅಯ್ಯೋ ಅತ್ತಿಗೆ, ಬಲಗಡೆ ಅಂತ ಬಡ್ಕೊಂಡಿದ್ನಲ್ಲ ಅವನು!” ಎಂದವನು ಅವಳ ಮುಖ ನೋಡಿ ದನಿ ತಗ್ಗಿಸಿದ. “ಹೋಗ್ಲಿ ಬಿಡಿ. ಗಂಡಸಿನ ಹಾಗೆ ಆಯ್ತಲ್ಲ. ಒಳ್ಳೇದೇ.”

ಮಾತು ಮುಗಿಯುವಷ್ಟರಲ್ಲಿ ಅವನೇ ಬಂದ. ಬಸ್ಸಿಗೆ ಅರ್ಧ ಗಂಟೆ ಇತ್ತು. ಕಾಜಾದಮ್ಮ ಕೋಟನ್ನು ಅವನ ಕಡೆ ಚಾಚಿದಳು. ಅವನು ತೊಟ್ಟುಕೊಂಡು ಕನ್ನಡಿಯ ಮುಂದೆ ನಿಂತ. ಎಡವನ್ನು ಮೇಲೆ ತಂದ; ಮೀನಿಗೆ ಬೆನ್ನು ಉಳಿಯಿತು, ಹೊಟ್ಟೆಯಿಲ್ಲ, ಬಾಯಿಯಿಲ್ಲ. ಬಲವನ್ನು ಮೇಲೆ ತಂದ. ಮೀನು ಇಡಿಯಾಯಿತು, ಹಾಕಲು ಕಾಜಾ ಇಲ್ಲ.

“ಹೊಸದಾಗಿ ಹಾಕೋಕೆ ಎಷ್ಟೊತ್ತು ಬೇಕು?”

“ಮೂರು ಗಂಟೆ. ಮಖಮಲ್ಲು. ಬೇಗ ಹಾಕಿದ್ರೆ ಎಳೆ ಬಿಟ್ಕೊಳ್ಳುತ್ತೆ.”

“ಪಿನ್ನು ಇದೆಯಾ?”

ಡಬ್ಬಿಯಲ್ಲಿ ನಾಲ್ಕು ಪಿನ್ನು ಸಿಕ್ಕವು. ಅವನು ತೆಗೆದುಕೊಂಡು ಹೊರಟ. ಬೈಯಲಿಲ್ಲ. ಒಂದು ಕೆಟ್ಟ ಮಾತು ಆಡಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು.

ಎರಡು ದಿನ ಬಿಟ್ಟು ಬಂದು ನಡೆದದ್ದನ್ನು ಹೇಳಿದ. ಮಾಸ್ತರ ಮೆಷಿನ್ನು ನಿಲ್ಲಿಸಿ ಕೇಳಿದ, “ತುಂಬಾ ನಕ್ಕರೇನೋ?”

“ಇಲ್ಲ ಅಣ್ಣಾ, ನಗಲೇ ಇಲ್ಲ. ಸುಮ್ಮನೆ ಕೂತು ನೋಡಿದ್ರು. ಅಷ್ಟು ಜನ ನನ್ನನ್ನ ಹಾಗೆ ನೋಡಿದ್ದು ಅದೇ ಮೊದಲು.” ಆಮೇಲೆ ಕಾಜಾದಮ್ಮನ ಕಡೆ ತಿರುಗಿದ. “ಆರಿಸೋಕೆ ಕೂತಿದ್ದವರಲ್ಲಿ ಒಬ್ಬರು ಹಿರಿಯ ಹೆಂಗಸು. ಎದ್ದು ಬಂದು ಹುರುಪೆ ಮುಟ್ಟಿದ್ರು. ಯಾವ ಬಟ್ಟೆ ಅಂತ ಕೇಳಿದ್ರು. ಮಕ್ಕಳ ಯೂನಿಫಾರ್ಮು ಅಂದೆ. ಇನ್ನೊಬ್ಬರನ್ನ ಕರೆದು ತೋರಿಸಿದ್ರು. ಅಷ್ಟರಲ್ಲಿ ಎರಡನೇ ಪಿನ್ನು ಬಿಚ್ಚಿತು. ಕೈಯಲ್ಲಿ ಹಿಡ್ಕೊಂಡೆ. ‘ಗುಂಡಿ ಎಲ್ಲಿ?’ ಅಂದ್ರು. ಎಡಗಡೆ ಸೀಳು ನೋಡಿದ್ರು. ‘ಬೇರೆಯವರ ಕೋಟಿಗೆ ಮೀನು ಹಚ್ಚಿದ್ದೀರಾ?’ ಅಂತ ಕೇಳಿದ್ರು. ನಂದೇ ಅಂದೆ. ‘ನಿಮ್ಮದೇ ಆಗಿದ್ರೆ ಯಾವ ಕಡೆ ಮುಚ್ಚುತ್ತೆ ಅಂತ ನಿಮಗೇ ಗೊತ್ತಿರಲಿಲ್ವಾ?’ ಅಂದು ಬರ್ಕೊಂಡ್ರು. ಆರಿಸಿದ್ದು ಬೇರೆಯವರನ್ನ.”

“ನೀನು ಹೇಳಬಾರದಿತ್ತಾ, ಕಾಜಾ ಹಾಕಿದ ಮುದುಕಿ ತಪ್ಪು ಮಾಡಿದಳು ಅಂತ?” ಎಂದಳು ಕಾಜಾದಮ್ಮ.

“ಹೇಳಿ ಏನಾಗ್ಬೇಕಿತ್ತು?” ಎಂದ. ಅಷ್ಟೇ.

ಧಣಿ ಮತ್ತೆ ಕೆಲಸಕ್ಕೆ ಸೇರಿಸಿಕೊಂಡ, ಷರತ್ತಿನ ಮೇಲೆ. ಭಾನುವಾರವೂ ಅವನು ಅಂಗಡಿಯವನೇ. ಬೀದಿಯಲ್ಲಿ ಕೋಡಂಗಿ ವೇಷ ಕಂಡರೆ ಸೋಮವಾರ ಬರುವುದು ಬೇಡ. ಅವನು ಒಪ್ಪಿದ. ಎಷ್ಟು ಸುಲಭವಾಗಿ ಒಪ್ಪಿದನೆಂದರೆ ಧಣಿಗೇ ಅನುಮಾನ ಬಂತಂತೆ. ಮೊದಲ ಕೆಲವು ಭಾನುವಾರ ಹಣ್ಣಿನ ಗಾಡಿಯವನು ದಾರಿ ನೋಡಿದ, “ಪರದೆ ಯಾಕೆ ಬರ್ತಿಲ್ಲ?” ಎಂದು ಮಾಸ್ತರನನ್ನು ಕೇಳಿದ. ಬರಬರುತ್ತಾ ಆ ಹೆಸರೂ ಸವೆಯಿತು. ಬೂದು ಪ್ಯಾಂಟಿನವನನ್ನು ಪರದೆ ಎಂದು ಕರೆದರೆ ನಗು ಹುಟ್ಟುತ್ತಿರಲಿಲ್ಲ.

ಆರು ತಿಂಗಳಾದ ಮೇಲೆ ತಾಯಿ ಮತ್ತೆ ಬಂದಳು. ಈ ಸಲ ಚಪ್ಪಲಿ ಬಿಡಲೂ ಇಲ್ಲ, ಹೊಸ್ತಿಲಲ್ಲೇ ನಿಂತಳು. “ಬರ್ತಾನೆ, ಉಣ್ತಾನೆ, ಗೋಡೆ ಕಡೆ ತಿರುಗಿ ಮಲಗ್ತಾನೆ. ಜಗಳ ಆಡೋಕೂ ಬಾಯಿ ಬಿಡಲ್ಲ. ನಾನು ಕೇಳಿದ್ದು ಇದನ್ನಾ ಅಕ್ಕಾ?” ಎಂದು ಅತ್ತಳು. ಆಮೇಲೆ ಮೂಗೊರೆಸಿಕೊಂಡು, “ನಿನ್ನೆ ಅವನಿಗೆ ಎಲ್ಲಾ ಹೇಳಿಬಿಟ್ಟೆ. ನಾನೇ ಹೋಗಿ ಕೇಳ್ಕೊಂಡಿದ್ದೆ ಅಂತ. ಹೊಟ್ಟೇಲಿಟ್ಕೊಂಡು ಬದುಕೋಕಾಗ್ಲಿಲ್ಲ” ಎಂದಳು.

ಮಾರನೇ ದಿನ ಅವನು ಬಂದ. ಆ ದಿನದ ಮೇಲೆ ಅವನು ಹನ್ನೊಂದು ವರ್ಷ ಅದೇ ಬೀದಿಯಲ್ಲಿ ಓಡಾಡಿದ, ಎದುರಿನ ಪಕ್ಕದಲ್ಲಿ. ಅಂಗಡಿಯ ಮೆಟ್ಟಿಲು ಮತ್ತೆ ಹತ್ತಲಿಲ್ಲ. ಕಾಜಾದಮ್ಮ ಕಿಟಕಿಯಿಂದ ನೋಡುತ್ತಿದ್ದಳು. ಅವನು ಅಂದು ಕೇಳಿದ್ದಕ್ಕೆ ಉತ್ತರ ತನಗೇ ಸಿಕ್ಕದೆ ಕರೆಯಲು ಅವಳ ಹತ್ತಿರ ಏನಿತ್ತು?

ಕೊನೆಯ ಸಲ ಬಂದ ಅಂದು ಅವನು ಎದುರಿಗೆ, ಯಾವಾಗಲೂ ಕೂರುತ್ತಿದ್ದ ಮಣೆಯ ಮೇಲೆಯೇ ಕೂತ. ಕೈಯನ್ನು ತೊಡೆಯ ನಡುವೆ ಇಟ್ಟುಕೊಂಡಿದ್ದ. ಅವಳು ಒಂದು ಅಂಗಿಯ ಎಡಮಗ್ಗುಲನ್ನು ಹಿಡಿದಿದ್ದಳು, ಕೆಳಗಿಡಲು ಹೊಳೆಯಲಿಲ್ಲ. ಮುಂದಿನ ಕೋಣೆಯ ಮೆಷಿನ್ನು ನಿಂತಿತ್ತು. ಮಾಸ್ತರ ಕಿವಿಗೊಟ್ಟಿದ್ದಾನೆಂದು ಇಬ್ಬರಿಗೂ ಗೊತ್ತಿತ್ತು.

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ದಾರಿ ಕೇಳುವವರು ಕೇಳುವಂತೆ ಕೇಳಿದ.

“ಅಮ್ಮಾ, ಕೈ ರೂಢಿಗೆ ಹಾಗಾಯ್ತು ಅಂದ್ರೆ ನಂಬ್ತೀನಿ. ಇಲ್ಲ, ನಮ್ಮಮ್ಮ ಹೇಳಿದ್ದಕ್ಕೆ ಬೇಕಂತಲೇ ಮಾಡಿದೆ ಅಂದ್ರೂ ಬೇಜಾರಿಲ್ಲ. ಎರಡರಲ್ಲಿ ಯಾವುದು ಅಂತ ಹೇಳಿಬಿಡಿ. ಯಾವುದು ಅಮ್ಮಾ?”