ಅವ್ವಿಗೆ ಹೊಲಿದ ರವಿಕೆ

ಅಂಕೋಲೆಯಲ್ಲಿ ನಮ್ಮ ಚರ್ಚಿನ ಸಭೆಯವರು ನಡೆಸುವ ತರಗತಿಯಲ್ಲಿ ಹೊಲಿಗೆ ಕಲಿಸಲು ನಾನು ಕಾರವಾರದಿಂದ ದಿನಾ ಬಸ್ಸಿನಲ್ಲಿ ಹೋಗುತ್ತಿದ್ದೆ. ಮೊದಲು ಪ್ರಾರ್ಥನೆ, ಬೈಬಲ್ಲಿನ ಒಂದು ಮಾತು, ಆಮೇಲೆ ಮಶಿನ್ನು. ನನ್ನ ಮೊದಲ ಪಾಠ ಹೊಲಿಯುವುದಲ್ಲ, ಬಿಚ್ಚುವುದು. ತಪ್ಪಿದ ಹೊಲಿಗೆಯನ್ನು ಬಟ್ಟೆ ಹರಿಯದಂತೆ ಒಂದೊಂದಾಗಿ ಬಿಚ್ಚಬೇಕು, ಪಶ್ಚಾತ್ತಾಪವೆಂದರೂ ಅದೇ ಎಂದು ಹೇಳುತ್ತಿದ್ದೆ. ಹಾಗೆ ಹೇಳುವಾಗ ನನ್ನ ಬಗ್ಗೆ ನನಗೇ ಬಹಳ ಮೆಚ್ಚುಗೆ.

ಭಾವಿಕೇರಿ ಕಡೆಯ ಹಾಲಕ್ಕಿ ಒಕ್ಕಲಿಗರ ಹುಡುಗಿಯೊಬ್ಬಳು ಎಲ್ಲರಿಗಿಂತ ಬೇಗ ಕಲಿತಳು. ಅವಳ ತಾಯಿ, ಅವಳು ಅವ್ವಿ ಎನ್ನುತ್ತಿದ್ದವಳು, ನಮ್ಮ ಗೇಟಿನ ಬಳಿ ಕೂತು ತರಕಾರಿ ಮಾರುತ್ತಿದ್ದಳು. ಆ ತಲೆಮಾರಿನ ಹಾಲಕ್ಕಿ ಹೆಂಗಸರಂತೆ ರವಿಕೆಯಿಲ್ಲದೆ ಉಟ್ಟ ಸೀರೆ, ಕೊರಳಿನಿಂದ ಎದೆಯವರೆಗೆ ಮಣಿಸರಗಳ ರಾಶಿ. ದಿನಾ ನನ್ನ ಚೀಲಕ್ಕೆ ಒಂದು ಕಟ್ಟು ಹರಿವೆ ಸೊಪ್ಪು ತುರುಕುವಳು. ಬೇಡವೆಂದರೆ ಬೈಗುಳ ಬೇರೆ.

ತರಗತಿ ಮುಗಿಯುವ ದಿನದ ಪ್ರಾರ್ಥನೆಗೆ ತಾಯಂದಿರನ್ನೂ ಕರೆದಿದ್ದೆವು. "ನಿನ್ನ ಅವ್ವಿಗೊಂದು ಪೋಲ್ಕ ಹೊಲಿ. ದೇವರ ಎದುರಿಗೆ ಬರೀ ಮೈಯಲ್ಲಿ ಕೂತ್ರೆ ಚಲೋ ಕಾಣೂದಿಲ್ಲ" ಎಂದೆ. ಯಾರೂ ಕೇಳಿರದ ಸಲಹೆ. ನನ್ನ ಬಾಯಿ ಯಾವತ್ತೂ ಹಾಗೆಯೇ.

ಅವ್ವಿ ರವಿಕೆ ತೊಟ್ಟು ಬಂದಳು. ಕೊರಳಿನ ಹುಕ್ಕು ಕೂರಲೆಂದು ಅರ್ಧ ಸರಗಳನ್ನು ತೆಗೆಯಬೇಕಾಗಿತ್ತು. ಪ್ರಾರ್ಥನೆ ಮುಗಿಯುವವರೆಗೂ ಅವನ್ನು ಮಡಿಲಲ್ಲಿ ಹಿಡಿದುಕೊಂಡು, ತಲೆ ತಗ್ಗಿಸಿ, ಹಿಂದಿನ ಸಾಲಿನಲ್ಲಿ ಕೂತಿದ್ದಳು. ನಾನು ಅದನ್ನು ಭಕ್ತಿಯೆಂದುಕೊಂಡು ಮೊಬೈಲಿನಲ್ಲಿ ಫೋಟೋ ತೆಗೆದೆ.

ಮರುದಿನ ಹೊಸ ತಂಡದ ತರಗತಿ ಶುರುವಾಯಿತು. ಅಂದಿನಿಂದ ಗೇಟಿನ ಬಳಿ ತರಕಾರಿ ಬುಟ್ಟಿ ಇರಲಿಲ್ಲ. ಪೇಟೆಯಲ್ಲಿ ಒಳ್ಳೇ ಜಾಗ ಸಿಕ್ಕಿರಬೇಕು, ನಮ್ಮನ್ನು ಮರೆತಳು ಎಂದು ಸಿಟ್ಟೂ ಮಾಡಿಕೊಂಡೆ. ಹೋಗಿ ಕೇಳಲಿಲ್ಲ.

ಆ ಮಳೆಗಾಲದ ಕೊನೆಗೆ ಅವ್ವಿ ಜ್ವರದಲ್ಲಿ ತೀರಿಕೊಂಡಳೆಂದು ತಿಳಿದು ಅವರ ಮನೆಗೆ ಹೋದೆ. ಹುಡುಗಿ ಜಗಲಿಯಲ್ಲಿ ಚಾಪೆ ಹಾಸಿ ಕೂರಿಸಿದಳು. ಅಳಲಿಲ್ಲ.

"ಅವ್ವಿ ದಿನಾ ಕೇಳ್ತಿತ್ತು, ಅಕ್ಕೋರೇ. 'ಪೋಲ್ಕ ಇಲ್ದೆ ಇಷ್ಟು ವರ್ಷ ನಾ ಕೈ ಮುಗ್ದದ್ದು ದೇವ್ರಿಗೆ ಕಾಣ್ಲೇ ಇಲ್ವೇನೇ?' ಅಂತ. ನಂಗೆ ಎಂತಾ ಹೇಳೂದು ಗೊತ್ತಾಗ್ಲಿಲ್ಲ."

ಬೈಬಲ್ಲು ಚೀಲದಲ್ಲೇ ಇತ್ತು. ತೆಗೆಯಲು ನಾಚಿಕೆಯಾಯಿತು. ಕಾಣಿಸದೆ ಹೋದದ್ದು ನನಗೆ. ನಾನು ಅದನ್ನು ದೇವರ ಮೇಲೆ ಹಾಕಿ ಆ ಹೆಂಗಸಿನ ನೆಮ್ಮದಿ ಕೆಡಿಸಿದ್ದೆ.

ಹುಡುಗಿ ಒಳಗಿನಿಂದ ಒಂದು ಗಂಟು ತಂದು ನನ್ನ ಮುಂದೆ ಬಿಚ್ಚಿದಳು. ಅದೇ ರವಿಕೆ. ಬೆನ್ನು, ಎದೆಯ ಎರಡು ಭಾಗ, ತೋಳುಗಳು, ಎಲ್ಲ ಬೇರೆ ಬೇರೆಯಾಗಿ ಮಡಚಿದ್ದವು.

"ನಿನ್ನೆ ಕೂತು ಬಿಚ್ಚಿದೆ" ಎಂದಳು. "ನೀವು ಕಲ್ಸಿದ್ಹಾಂಗೇ."

ಕೈಗೆ ಹತ್ತಿದ ಅಭ್ಯಾಸ, ಅಂಚುಗಳನ್ನು ಬೆಳಕಿಗೆ ಹಿಡಿದು ನೋಡಿದೆ. ಬಟ್ಟೆ ಎಲ್ಲಿಯೂ ಹರಿದಿರಲಿಲ್ಲ.